ರಕ್ಕಸನ ಚಿತೆಯಲ್ಲ, ದನದ ಹಟ್ಟಿ
ಬಳ್ಳಾರಿ-ರಾಯಚೂರು ಸೀಮೆಯ ಬೂದಿದಿಬ್ಬಗಳು ಹೇಳುವ 5,000 ವರ್ಷಗಳ ಹಿಂದಿನ ಕಥೆ



ಮುಂಬೈಯಿಂದ ಚೆನ್ನೈಗೆ ಹೋಗುವ ರೈಲು ಹತ್ತಿದವರಿಗೆ ವಾಡಿ ದಾಟಿದ ಮೇಲಿನ ಸೀಮೆ ಗೊತ್ತು. ಯಾದಗಿರಿ, ಕೃಷ್ಣೆಯ ಸೇತುವೆ, ರಾಯಚೂರು, ಆಮೇಲೆ ಗುಂತಕಲ್ಲು. ಕಿಟಕಿಯಾಚೆ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂಥ ಗುಡ್ಡಗಳು, ಜಾಲಿಗಿಡ, ಎರೆಹೊಲ, ಅಲ್ಲೊಂದು ಇಲ್ಲೊಂದು ಕುರಿ ಹಿಂಡು. ‘ಏನೂ ಇಲ್ಲದ ಬಯಲು’ ಎಂದು ಮಗ್ಗುಲು ಬದಲಿಸಿ ಮಲಗುವವರೇ ಹೆಚ್ಚು. ಆದರೆ ದಕ್ಷಿಣ ಭಾರತದಲ್ಲಿ ಮನುಷ್ಯ ದನ ಸಾಕಿ, ಕಾಳು ಬಿತ್ತಿ, ಒಂದೆಡೆ ನೆಲೆ ನಿಲ್ಲಲು ಕಲಿತ ಮೊದಮೊದಲ ಗುರುತುಗಳು ಸಿಕ್ಕಿರುವುದು ಈ ‘ಏನೂ ಇಲ್ಲದ’ ಬಯಲಿನಲ್ಲೇ.

ಆದಿಮಾನವ ಎಂದರೆ ನಮ್ಮ ಶಾಲೆಯ ಪುಸ್ತಕದಲ್ಲಿ ಒಂದೇ ಚಿತ್ರ: ತೊಗಲು ಸುತ್ತಿಕೊಂಡ ಗಂಡಸು, ಕೈಯಲ್ಲಿ ಕಲ್ಲಿನ ಕೊಡಲಿ, ಪಕ್ಕದಲ್ಲಿ ಬೆಂಕಿ. ಅವನಿಗೆ ಊರಿಲ್ಲ, ಹೆಸರಿಲ್ಲ. ಅವನೂ ನಮ್ಮ ಊರಿನವನೇ ಎಂದು ಯಾರೂ ಹೇಳಿಕೊಡಲಿಲ್ಲ. ಈ ಸಲ ಅಂಥ ಕೆಲವರ ಪರಿಚಯ ಮಾಡಿಕೊಳ್ಳೋಣ. ಅವರು ಹೇಗೆ ಬದುಕಿದರು, ಏನು ಉಂಡರು, ಏನನ್ನು ಹಬ್ಬವೆಂದು ಆಚರಿಸಿದರು, ಸುತ್ತಲಿನ ನೆಲವನ್ನು ಹೇಗೆ ಬದಲಿಸಿದರು ಎಂದು ನೋಡೋಣ. ಇದಕ್ಕೆ ನಮಗೆ ಸಾಕ್ಷಿ ಹೇಳುವುದು ಒಂದು ವಿಚಿತ್ರ ವಸ್ತು. ಬೂದಿ.

ಬೂದಿಯ ಗುಡ್ಡ, ಹಿಡಿಂಬನ ಕಥೆ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರಿದೆ. ಅದರ ಹತ್ತಿರ ಬಿಳಿಚು ಬೂದು ಬಣ್ಣದ ಒಂದು ದಿಬ್ಬ. ಮುಟ್ಟಿದರೆ ಬೂದಿ. ನಡುನಡುವೆ ಕುಲುಮೆಯ ಕಿಟ್ಟದಂತೆ ಕರಗಿ ಗಟ್ಟಿಯಾದ, ರಂಧ್ರ ರಂಧ್ರವಾದ ಹೆಂಟೆಗಳು. ಇಂಥವು ಇದೊಂದೇ ಅಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿ, ಕಲಬುರಗಿ, ಪಕ್ಕದ ಕರ್ನೂಲು, ಅನಂತಪುರ, ಹಿಂದಿನ ಮಹಬೂಬ್‌ನಗರ ಜಿಲ್ಲೆಗಳಲ್ಲಿ ನೂರಕ್ಕೂ ಹೆಚ್ಚು ಬೂದಿದಿಬ್ಬಗಳಿವೆ. ಕೆಲವು ಮೊಣಕಾಲೆತ್ತರ, ಕೆಲವು ಮನೆಯ ಮಾಳಿಗೆಗಿಂತ ಎತ್ತರ.

ಬಯಲಿನ ನಡುವೆ ಇಷ್ಟೊಂದು ಬೂದಿ ಎಲ್ಲಿಂದ ಬಂತು? ಊರ ಜನ ತಮಗೆ ತಿಳಿದಂತೆ ಉತ್ತರ ಕಂಡುಕೊಂಡರು. ಇಷ್ಟು ಬೂದಿಯಾಗಬೇಕಾದರೆ ಸುಟ್ಟ ದೇಹವೂ ಅಷ್ಟೇ ದೊಡ್ಡದಿರಬೇಕಲ್ಲ! ಭೀಮ ಹಿಡಿಂಬನನ್ನು ಕೊಂದು ಸುಟ್ಟ ಜಾಗ ಎಂದು ಕೆಲವೆಡೆ ಹೇಳಿದರು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆ ಎಂದು ಇವತ್ತಿಗೂ ತೋರಿಸುತ್ತಾರೆ. ಈ ಕಥೆಗಳನ್ನು ನೋಡಿ ನಗಬೇಕಾಗಿಲ್ಲ. ಇದು ಸಹಜವಾದ ಮಣ್ಣಲ್ಲ, ಇಲ್ಲಿ ಏನೋ ದೊಡ್ಡ ಬೆಂಕಿ ಉರಿದಿದೆ ಎಂಬುದನ್ನು ಜನ ಸರಿಯಾಗಿಯೇ ಗುರುತಿಸಿದ್ದರು. ಯಾವುದು ಉರಿಯಿತು ಎಂಬುದಷ್ಟೇ ಗೊತ್ತಾಗಬೇಕಿತ್ತು.

ಸಾಹೇಬರುಗಳ ಜಗಳ

ಕಂಪನಿ ಸರ್ಕಾರದ ಕಾಲದಲ್ಲಿ ಬಳ್ಳಾರಿ ಸೀಮೆ ತಿರುಗಿದ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ 1843ರಲ್ಲಿ ಈ ದಿಬ್ಬಗಳ ಬಗ್ಗೆ ಬರೆದ. ಮುಂದೆ ಹಲವರು ಹಲವು ಮಾತು ಹೇಳಿದರು. ಒಬ್ಬರಿಗೆ ಜ್ವಾಲಾಮುಖಿ ನೆನಪಾಯಿತು, ಇನ್ನೊಬ್ಬರಿಗೆ ಲೋಹ ಕರಗಿಸಿದ ಕುಲುಮೆ, ಮತ್ತೊಬ್ಬರಿಗೆ ಸಾಮೂಹಿಕ ಶವದಹನ.

ಸರಿಯಾದ ಸುಳಿವು ಹಿಡಿದವರು ರಾಬರ್ಟ್ ಬ್ರೂಸ್ ಫೂಟ್. ಭೂವಿಜ್ಞಾನ ಸರ್ವೇಕ್ಷಣೆಯ ಈ ಅಧಿಕಾರಿಯ ಹೆಸರು ಚೆನ್ನೈನ ನಮ್ಮ ಕೇಳುಗರಿಗೆ ಪರಿಚಯವಿರಬಹುದು. 1863ರಲ್ಲಿ ಪಲ್ಲಾವರದ ಬಳಿ ಭಾರತದ ಹಳೆ ಶಿಲಾಯುಗದ ಮೊದಲ ಕಲ್ಲಿನ ಆಯುಧವನ್ನು ಗುರುತಿಸಿದವರು ಇವರೇ. ಫೂಟ್ ಬಳ್ಳಾರಿ ಸೀಮೆಯಲ್ಲಿ ವರ್ಷಗಟ್ಟಲೆ ತಿರುಗಿ, ಬೂದಿದಿಬ್ಬಗಳ ಸುತ್ತ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಮಡಕೆ ಚೂರುಗಳು, ದನದ ಎಲುಬುಗಳು ಸಿಗುವುದನ್ನು ಕಂಡರು. ಇದು ಹೊಸ ಶಿಲಾಯುಗದ ಜನರ ಕೆಲಸ, ಸುಟ್ಟಿರುವುದು ದನದ ಸಗಣಿ ಎಂದರು. ಅವರು ಕೂಡಿಹಾಕಿದ ಕಲ್ಲಿನ ಆಯುಧಗಳ ದೊಡ್ಡ ಸಂಗ್ರಹ ಚೆನ್ನೈನ ಎಗ್ಮೋರ್ ವಸ್ತುಸಂಗ್ರಹಾಲಯಕ್ಕೆ ಸೇರಿತು.

ಆದರೂ ವಾದ ಮುಗಿಯಲಿಲ್ಲ. 1957ರಲ್ಲಿ ರೇಮಂಡ್ ಆಲ್ಚಿನ್ ಎಂಬ ಬ್ರಿಟಿಷ್ ಪುರಾತತ್ತ್ವಜ್ಞರು ಉಟ್ನೂರಿನ ದಿಬ್ಬವನ್ನು ಅಗೆದರು. ಹೈದರಾಬಾದಿನವರು ಗಮನಿಸಿ, ಇದು ಆದಿಲಾಬಾದಿನ ಉಟ್ನೂರಲ್ಲ, ಹಿಂದಿನ ಮಹಬೂಬ್‌ನಗರ ಜಿಲ್ಲೆಯಲ್ಲಿ, ಕೃಷ್ಣೆಯ ಉತ್ತರಕ್ಕಿರುವ ಊರು. ಅಲ್ಲಿ ಆಲ್ಚಿನ್‌ರಿಗೆ ಸಿಕ್ಕಿದ್ದೇನು? ಬೂದಿಯ ಪದರಗಳ ಅಡಿಯಲ್ಲಿ ಸಾಲಾಗಿ ಕಂಬ ನೆಟ್ಟ ಗುಳಿಗಳು. ಅಂದರೆ ಮರದ ಕಾಂಡಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಮಾಡಿದ ದೊಡ್ಡ ಬೇಲಿ. ಬೇಲಿಯೊಳಗೆ ಮೆತ್ತನೆಯ ನೆಲದಲ್ಲಿ ಅಚ್ಚೊತ್ತಿ ಉಳಿದ ದನದ ಗೊರಸಿನ ಗುರುತುಗಳು! ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ದಿನ ಹಟ್ಟಿಯೊಳಗೆ ನಡೆದಾಡಿದ ದನಗಳ ಹೆಜ್ಜೆ ಬೂದಿಯ ಹೊದಿಕೆಯಡಿ ಹಾಗೇ ಇತ್ತು. ಬೇಲಿ ಒಮ್ಮೆಯಲ್ಲ, ಹಲವು ಸಲ ಸುಟ್ಟಿತ್ತು, ಹಲವು ಸಲ ಮತ್ತೆ ಕಟ್ಟಲಾಗಿತ್ತು.

ಅದೇ ಸುಮಾರಿಗೆ ಲಂಡನ್ನಿನಲ್ಲಿ ಫ್ರೆಡರಿಕ್ ಝಾಯ್ನರ್ ಎಂಬ ವಿಜ್ಞಾನಿ ಬೂದಿಯ ಮಾದರಿಯನ್ನು ಪರೀಕ್ಷೆ ಮಾಡಿ ಇದು ಸಗಣಿಯೇ ಎಂದು ತೋರಿಸಿದರು. ಹುಲ್ಲಿನಲ್ಲಿ ಮರಳಿನ ಅಂಶವಾದ ಸಿಲಿಕಾ ಇರುತ್ತದೆ. ದನ ಹುಲ್ಲು ತಿಂದರೆ ಅದು ಸಗಣಿಯಲ್ಲಿ ಉಳಿಯುತ್ತದೆ. ರಾಶಿ ರಾಶಿ ಸಗಣಿ ಜೋರಾಗಿ ಉರಿದಾಗ ಆ ಸಿಲಿಕಾ ಕರಗಿ ಗಾಜಿನಂತೆ ಗಟ್ಟಿಯಾಗುತ್ತದೆ. ಜನ ಕಿಟ್ಟ ಎಂದುಕೊಂಡದ್ದು ಇದೇ. ಅಂತೂ ರಕ್ಕಸನ ಎಲುಬು ದನದ ಸಗಣಿಯಾಯಿತು.

ಬೂದಿಹಾಳದ ಹಟ್ಟಿಯೊಳಗೆ

ದಿಬ್ಬ ಸಗಣಿಯದೇನೋ ಸರಿ. ಆದರೆ ಅಲ್ಲಿ ಮನುಷ್ಯರು ಇದ್ದರೇ, ಅಥವಾ ದನ ಮೇಯಿಸಲು ಬಂದು ಹೋಗುತ್ತಿದ್ದರೇ? ಇದಕ್ಕೆ ಉತ್ತರ ಕೊಟ್ಟದ್ದು ಪುಣೆಯ ಡೆಕ್ಕನ್ ಕಾಲೇಜು. ಪುಣೆಯಲ್ಲಿರುವ ಕನ್ನಡಿಗರು ಯೆರವಡಾ ಕಡೆ ಹೋಗುವಾಗ ನೋಡುವ ಆ ಹಳೆಯ ಕಲ್ಲಿನ ಕಟ್ಟಡದಲ್ಲಿ ಕರ್ನಾಟಕದ ಪ್ರಾಚೀನ ಚರಿತ್ರೆಯ ಎಷ್ಟೋ ಅಧ್ಯಾಯಗಳು ಬರೆಯಲ್ಪಟ್ಟಿವೆ. 1940ರ ದಶಕದಲ್ಲಿ ಬಳ್ಳಾರಿಯ ಸಂಗನಕಲ್ಲನ್ನು ಅಗೆದ ಬಿ. ಸುಬ್ಬರಾವ್ ಅವರು ಅಲ್ಲಿಯವರು. ಬೂದಿದಿಬ್ಬಗಳಿಗಾಗಿ ದಶಕಗಟ್ಟಲೆ ದುಡಿದ ಪ್ರೊಫೆಸರ್ ಕೆ. ಪದ್ದಯ್ಯ ಅವರೂ ಅಲ್ಲಿಯವರೇ.

ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ವರ್ಷ ವರ್ಷವೂ ಅಗೆತ ನಡೆಸಿದರು. ಇಂದು ಯಾದಗಿರಿ ಜಿಲ್ಲೆಗೆ ಸೇರಿದ ಈ ಊರಿನ ಹೆಸರಿನಲ್ಲೇ ಬೂದಿಯಿದೆ ನೋಡಿ. ಅವರು ದಿಬ್ಬವನ್ನಷ್ಟೇ ಅಗೆಯದೆ ಅದರ ಸುತ್ತಲಿನ ನೆಲವನ್ನೂ ತೆರೆದರು. ಆಗ ಕಂಡಿತು ಒಂದು ಇಡೀ ಊರು. ನಡುವೆ ದನದ ಹಟ್ಟಿ, ಅದಕ್ಕೆ ಅಂಟಿಕೊಂಡಂತೆ ಜನರ ಗುಡಿಸಲುಗಳು, ಒಂದು ಕಡೆ ಕಲ್ಲಿನ ಅಲಗು ತಯಾರಿಸುವ ಜಾಗ, ಇನ್ನೊಂದು ಕಡೆ ದನಗಳನ್ನು ಕಡಿದು ಮಾಂಸ ಬಿಡಿಸಿದ ಗಟ್ಟಿ ನೆಲ. ಹೌದು, ಅವರು ದನದ ಮಾಂಸ ತಿನ್ನುತ್ತಿದ್ದರು. ಅಲ್ಲಿ ಸಿಕ್ಕ ಎಲುಬುಗಳಲ್ಲಿ ದನದ್ದೇ ಹೆಚ್ಚು. ಕುರಿ, ಆಡು, ಬೇಟೆಯ ಪ್ರಾಣಿಗಳೂ ಇದ್ದವು.

ಮನೆಗಳ ನಡುವೆ ಮಕ್ಕಳ ಸಮಾಧಿಗಳೂ ಸಿಕ್ಕವು. ತೀರಿಹೋದ ಎಳೆಗೂಸುಗಳನ್ನು ಮಡಕೆಯಲ್ಲಿಟ್ಟು ವಾಸದ ನೆಲದಲ್ಲೇ ಹೂಳುತ್ತಿದ್ದರು. ಈ ಪದ್ಧತಿ ದಖ್ಖನದ ಉದ್ದಗಲಕ್ಕೂ ಕಾಣುತ್ತದೆ. ಪುಣೆ ಜಿಲ್ಲೆಯ ಘೋಡ್ ನದಿಯ ದಡದಲ್ಲಿರುವ ಇನಾಮ್‌ಗಾಂವ್‌ನಲ್ಲಿ ಕೂಡ, ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಸೇರಿಸಿಟ್ಟು ಅದರೊಳಗೆ ಮಕ್ಕಳನ್ನು ಮಲಗಿಸಿ ಮನೆಯ ನೆಲದಡಿ ಹೂಳಿದ್ದು ಸಿಕ್ಕಿದೆ. ದೂರದ ಮಸಣಕ್ಕೆ ಕಳಿಸಲು ಮನಸ್ಸಾಗದ ತಾಯ್ತಂದೆಯರು ಅವರು ಎಂದುಕೊಂಡರೆ ತಪ್ಪಾಗಲಾರದು.

ಇಷ್ಟೆಲ್ಲ ಸಗಣಿ ಸುಟ್ಟದ್ದೇಕೆ?

ಇಲ್ಲಿ ನಮ್ಮ ಹಳ್ಳಿಯಿಂದ ಬಂದ ಹಿರಿಯ ಕೇಳುಗರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಸಗಣಿ ಎಂದರೆ ಒಲೆಗೆ ಬೆರಣಿ, ಹೊಲಕ್ಕೆ ಗೊಬ್ಬರ, ಅಂಗಳಕ್ಕೆ ಸಾರಣೆ. ಅಂಥದ್ದನ್ನು ರಾಶಿ ಹಾಕಿ ಸುಡುವ ಪೆದ್ದು ಯಾರಾದರೂ ಇರುತ್ತಾರೆಯೇ?

ಪ್ರಶ್ನೆ ನ್ಯಾಯವಾದದ್ದೇ. ವಿದ್ವಾಂಸರಲ್ಲಿ ಮೂರು ಬಗೆಯ ಉತ್ತರಗಳಿವೆ.

ಒಂದು, ಶುಚಿತ್ವ. ನೂರಾರು ದನ ಒಂದೇ ಕಡೆ ನಿಂತರೆ ಮಳೆಗಾಲದಲ್ಲಿ ಕೆಸರು, ನೊಣ, ಉಣ್ಣೆ, ರೋಗ. ಆಗೊಮ್ಮೆ ಈಗೊಮ್ಮೆ ಸುಟ್ಟರೆ ಹಟ್ಟಿ ಶುದ್ಧ. ಆ ಕಾಲದಲ್ಲಿ ಬೇಸಾಯ ಕಡಿಮೆ, ಉರುವಲು ಬೇಕಾದಷ್ಟು. ಸಗಣಿಗೆ ಇಂದಿನ ಬೆಲೆ ಇನ್ನೂ ಬಂದಿರಲಿಲ್ಲ.

ಎರಡು, ಹಬ್ಬ. ಬರೀ ಶುಚಿತ್ವಕ್ಕಾದರೆ ಸಣ್ಣ ಬೆಂಕಿ ಸಾಕು. ಗಾಜು ಕರಗುವಂಥ ಬೆಂಕಿ ಏಕೆ? ದನಗಾಹಿಗಳು ಋತು ಬದಲಾಗುವಾಗ, ಮೇವು ಹುಡುಕಿ ಹೊರಡುವಾಗ ಅಥವಾ ಮರಳಿ ಬರುವಾಗ ಸೇರಿ ಮಾಡುತ್ತಿದ್ದ ಆಚರಣೆ ಇದಾಗಿರಬಹುದು ಎಂದು ಆಲ್ಚಿನ್ ಊಹಿಸಿದರು. ಅದಕ್ಕೆ ಅವರು ನಮ್ಮ ಹಬ್ಬಗಳಲ್ಲಿ ದನಗಳನ್ನು ಬೆಂಕಿ ದಾಟಿಸುವ ಪದ್ಧತಿಯತ್ತ ಬೊಟ್ಟು ಮಾಡಿದರು. ಮಂಡ್ಯ, ಮೈಸೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಂಕ್ರಾಂತಿಯ ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸುವುದನ್ನು ಮರೆಯಲಾದೀತೆ? ನಾಲ್ಕೈದು ಸಾವಿರ ವರ್ಷ ಎಳೆ ತುಂಡಾಗದೆ ಬಂದಿದೆ ಎಂದು ಯಾರೂ ರುಜುವಾತು ಮಾಡಲಾರರು. ಆದರೆ ದನ, ಬೆಂಕಿ, ಸುಗ್ಗಿ ಈ ಮೂರೂ ಒಟ್ಟಾಗಿರುವುದು ಈ ನೆಲಕ್ಕೆ ಹೊಸದೇನಲ್ಲ ಎಂದಂತೂ ಹೇಳಬಹುದು.

ಮೂರು, ಗುರುತು. ಬಯಲುಸೀಮೆಯಲ್ಲಿ ದೂರದಿಂದ ಕಾಣುವ ದಿಬ್ಬ ಎಂದರೆ ‘ಇದು ನಮ್ಮವರ ಜಾಗ’ ಎಂಬ ಫಲಕ. ವರ್ಷ ವರ್ಷವೂ ಅಲ್ಲೇ ಸಗಣಿ ಪೇರಿಸಿ, ಸುತ್ತಲಿನ ಬಳಗವನ್ನು ಕರೆದು, ರಾತ್ರಿ ಉರಿಸಿದರೆ ಅದು ಹರದಾರಿ ದೂರಕ್ಕೆ ಕಾಣುತ್ತದೆ. ಎಷ್ಟು ದೊಡ್ಡ ದಿಬ್ಬವೋ ಅಷ್ಟು ದೊಡ್ಡ ದನದ ಹಿಂಡು, ಅಷ್ಟು ದೊಡ್ಡ ಮನೆತನ. ಮುಂದೆ ನಮ್ಮ ರಾಜರು ಗೋಪುರ ಕಟ್ಟಿಸಿದಂತೆ ಇವರು ಬೂದಿ ಪೇರಿಸಿದರು ಎನ್ನಬಹುದು.

ಈ ಮೂರರಲ್ಲಿ ಒಂದನ್ನು ಆರಿಸಿ ಉಳಿದವನ್ನು ಬಿಡಬೇಕೆಂದೇನೂ ಇಲ್ಲ. ನಮ್ಮ ದೀಪಾವಳಿಗೆ ಮನೆ ತೊಳೆಯುವುದೂ ಇದೆ, ಪೂಜೆಯೂ ಇದೆ, ನೆರೆಯವರಿಗಿಂತ ಒಂದು ಪಟಾಕಿ ಹೆಚ್ಚು ಹೊಡೆಯುವ ಹಟವೂ ಇದೆ.

ತಟ್ಟೆಯಲ್ಲಿದ್ದುದು ಹುರುಳಿ, ಹೆಸರು, ಕೊರಲೆ

ದನ ಸಾಕಿದವರು ಮಾಂಸ, ಹಾಲಿನ ಮೇಲೆಯೇ ಬದುಕಿದರೇ? ಇಲ್ಲ. ಹಳೆಯ ಒಲೆಗಳ, ಕಸದ ಗುಂಡಿಗಳ ಮಣ್ಣನ್ನು ನೀರಿನಲ್ಲಿ ಕದಡಿದರೆ ಸುಟ್ಟು ಕಪ್ಪಾದ ಕಾಳುಗಳು ತೇಲಿ ಬರುತ್ತವೆ. ಹೀಗೆ ತೇಲಿಸಿ ಸೋಸಿದ ಕಾಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಡೋರಿಯನ್ ಫುಲ್ಲರ್ ಎಂಬ ವಿದ್ವಾಂಸರು ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊಫೆಸರ್ ರವಿ ಕೋರಿಶೆಟ್ಟರ್ ಮೊದಲಾದವರು ಆ ಕಾಲದ ಅಡುಗೆಮನೆಯ ಪಟ್ಟಿಯನ್ನೇ ತಯಾರಿಸಿದರು.

ಪಟ್ಟಿಯ ಮೊದಲ ಸಾಲಿನಲ್ಲಿರುವವು ಹುರುಳಿ, ಹೆಸರು, ಕೊರಲೆ. ಇವು ಹೊರಗಿನಿಂದ ಬಂದವಲ್ಲ. ಇವುಗಳ ಕಾಡು ಬಂಧುಗಳು ಭಾರತದ ನೆಲದಲ್ಲೇ ಬೆಳೆಯುತ್ತವೆ. ಮುಂಗಾರು ಮಳೆಗೆ ಮೊಳೆತು, ಮಳೆ ನಿಲ್ಲುವ ಹೊತ್ತಿಗೆ ಕಾಳು ಕಟ್ಟುವ ಬೆಳೆಗಳು ಇವು. ಪಶ್ಚಿಮ ಏಷ್ಯಾದಲ್ಲಿ ಹುಟ್ಟಿದ ಗೋಧಿ, ಜವೆಗಳಿಗೆ ಚಳಿಗಾಲದ ತೇವ ಬೇಕು. ಅವು ಸಿಂಧೂ ಬಯಲಿನವರೆಗೆ ಸಲೀಸಾಗಿ ಬಂದವು. ದಖ್ಖನಕ್ಕೆ ಬಂದಾಗ ಮಾತ್ರ ಇಲ್ಲಿಯ ಮಳೆ ಅವಕ್ಕೆ ಒಗ್ಗಲಿಲ್ಲ. ಆದ್ದರಿಂದ ಇಲ್ಲಿಯ ಜನ ತಮ್ಮ ಸುತ್ತಲಿನ ಹುಲ್ಲು, ಬಳ್ಳಿಗಳಿಂದಲೇ ಧಾನ್ಯ ಕಂಡುಕೊಂಡರು. ಬೇಸಾಯವನ್ನು ಮನುಷ್ಯ ಎಲ್ಲೋ ಒಂದೇ ಕಡೆ ಕಲಿತು ಲೋಕಕ್ಕೆಲ್ಲ ಹಂಚಿದನೆಂಬ ಮಾತನ್ನು ನಮ್ಮ ಹುರುಳಿ ಕಾಳು ಒಪ್ಪುವುದಿಲ್ಲ.

ಆಮೇಲೆ, ಕ್ರಿ.ಪೂ. 2000ದ ಆಸುಪಾಸಿನಿಂದ, ಹೊರಗಿನ ಬೆಳೆಗಳು ಒಂದೊಂದಾಗಿ ಸೇರಿಕೊಂಡವು. ಗೋಧಿ, ಜವೆ ಸ್ವಲ್ಪ ಸ್ವಲ್ಪ ಬಂದವು. ಆಫ್ರಿಕದಿಂದ ಅವರೆ, ಸಜ್ಜೆ ಬಂದವು. ಒಡಿಶಾ-ಬಸ್ತರ್ ಕಡೆಯ ತೊಗರಿ ಬಂತು. ನಾವು ‘ನಮ್ಮ ಊಟ’ ಎಂದು ಹೆಮ್ಮೆಯಿಂದ ಹೇಳುವ ಜೋಳ, ರಾಗಿಗಳ ತವರೂ ಆಫ್ರಿಕವೇ. ದೆಹಲಿಯ ಚಳಿಯಲ್ಲಿ ರಾಗಿ ಹಿಟ್ಟಿಗಾಗಿ ಅಂಗಡಿ ಅಂಗಡಿ ಅಲೆಯುವವರು ಒಮ್ಮೆ ಯೋಚಿಸಿ. ಊರು ಬಿಟ್ಟು ದೂರ ಬಂದು, ಬಂದ ನೆಲಕ್ಕೆ ಒಗ್ಗಿ, ಅಲ್ಲಿಯದೇ ಆಗಿಹೋಗುವ ವಿದ್ಯೆ ನಮಗಿಂತ ಮೊದಲು ರಾಗಿಗೆ ಗೊತ್ತಿತ್ತು.

ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆಗ ಮಹಾನಗರಗಳ ದೊಡ್ಡ ಅಂಗಡಿಗಳಲ್ಲಿ ಕೊರಲೆಯೂ ಚೆಂದದ ಪೊಟ್ಟಣದಲ್ಲಿ ಕಾಣಿಸಿಕೊಂಡಿತು. ಅದು ‘ಹೊಸ’ ಆಹಾರವಲ್ಲ, ಬೂದಿದಿಬ್ಬದ ಗುಡಿಸಲಿನಲ್ಲಿ ಬೆಂದದ್ದು.

ಕಲ್ಲು ಹಾಡಿದ ಗುಡ್ಡ

ಬಾನುಲಿಯ ಬಳಗದವರಾದ ನಮಗೆ ಇನ್ನೊಂದು ಜಾಗ ವಿಶೇಷ ಆಪ್ತವೆನಿಸಬೇಕು. ಬಳ್ಳಾರಿಯ ಹೊರವಲಯದಲ್ಲಿ ಸಂಗನಕಲ್ಲು ಮತ್ತು ಕಪ್ಪಗಲ್ಲು ಊರುಗಳ ನಡುವೆ ಹಿರೇಗುಡ್ಡವಿದೆ. ಬೆಣಚು ಮಿಶ್ರಿತ ಬಿಳಿಗಲ್ಲಿನ ಗುಡ್ಡದ ಮೈಮೇಲೆ ಕಪ್ಪು ಕಲ್ಲಿನ ಪಟ್ಟಿಯೊಂದು ಹಾದುಹೋಗುತ್ತದೆ. ಡೋಲರೈಟ್ ಎಂಬ ಈ ಕಪ್ಪು ಕಲ್ಲು ಕೊಡಲಿ ಮಾಡಲು ಬಲು ಚೆನ್ನ. ಆದ್ದರಿಂದ ಹೊಸ ಶಿಲಾಯುಗದಲ್ಲಿ ಹಿರೇಗುಡ್ಡ ಕೊಡಲಿಗಳ ಕಾರ್ಖಾನೆಯೇ ಆಗಿತ್ತು. ಕಲ್ಲು ಒಡೆದು, ಕೆತ್ತಿ, ಬಂಡೆಗೆ ಉಜ್ಜಿ ನಯಮಾಡಿದ ಕುರುಹುಗಳು, ಲೆಕ್ಕವಿಲ್ಲದಷ್ಟು ಚಕ್ಕೆಗಳು ಅಲ್ಲಿವೆ.

ಅದೇ ಕಪ್ಪು ಬಂಡೆಗಳ ಮೇಲೆ ಸಾಲು ಸಾಲು ಚಿತ್ರ ಕುಟ್ಟಿದ್ದಾರೆ. ಮನುಷ್ಯರಿದ್ದಾರೆ, ಕೈ ಹಿಡಿದು ಕುಣಿಯುವವರೂ ಇದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ದನ. ಎತ್ತರದ ಡುಬ್ಬ, ಉದ್ದನೆಯ ಕೊಂಬು. ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ನೋಡಿದವರಿಗೆ ಗುರುತು ಹತ್ತಲು ತಡವಾಗದು.

ಈ ಚಿತ್ರಗಳ ಸುದ್ದಿ 1892ರಲ್ಲೇ ಪ್ರಕಟವಾಗಿತ್ತು. ಮತ್ತೆ ಒಂದು ಶತಮಾನದ ಮೇಲೆ ನಿಕೋಲ್ ಬೊವಿನ್ ಎಂಬ ಸಂಶೋಧಕಿ ಇವನ್ನು ಕೂಲಂಕಷವಾಗಿ ಪರಿಶೀಲಿಸಿ 2004ರಲ್ಲಿ ಒಂದು ಸ್ವಾರಸ್ಯದ ಸಂಗತಿ ಬರೆದರು. ಚಿತ್ರಗಳಿರುವ ಕೆಲವು ಬಂಡೆಗಳಲ್ಲಿ ಬೋಗುಣಿಯಂಥ ನುಣುಪಾದ ಕುಳಿಗಳಿವೆ. ಅಲ್ಲಿ ಗುಂಡುಕಲ್ಲಿನಿಂದ ಬಡಿದರೆ ಜಾಗಟೆಯಂತೆ ಗಣ್ಣೆಂದು ಸದ್ದು ಬರುತ್ತದೆ. ಬಡಿದೂ ಬಡಿದೂ ಆದ ಕುಳಿಗಳು ಅವು. ಅಂದರೆ ಇಲ್ಲಿ ಚಿತ್ರ ಬರೆಯುವುದರ ಜತೆಗೆ ವಾದ್ಯವೂ ನಡೆಯುತ್ತಿತ್ತು. ಕೆಲವು ಚಿತ್ರಗಳು ಎಷ್ಟು ಎಟುಕದ ಜಾಗದಲ್ಲಿವೆಯೆಂದರೆ, ಬರೆದವರು ಬಂಡೆಯ ಅಂಚಿನಲ್ಲಿ ಜೋತಾಡಿರಬೇಕು. ಹೊಟ್ಟೆಪಾಡಿಗೆ ಯಾರೂ ಇಷ್ಟು ಕಷ್ಟಪಡುವುದಿಲ್ಲ.

ಹಾಗೆ ನೋಡಿದರೆ ಈ ಸೀಮೆಗೆ ಕಲ್ಲಿನ ನಾದ ಮುಂದೆಯೂ ಬಿಡಲಿಲ್ಲ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಬೃಹತ್ ಶಿಲಾ ಸಮಾಧಿಗಳು ಬೂದಿದಿಬ್ಬಗಳ ನಂತರದ ಕಾಲದವು. ಅಲ್ಲಿ ಎತ್ತರದ ಬಂಡೆಯ ಮೇಲೆ ನಗಾರಿಯಾಕಾರದ ಕಲ್ಲೊಂದಿದೆ. ಬಾರಿಸಿದರೆ ಬಹುದೂರ ಕೇಳುತ್ತದೆ. ನಾವು ಪ್ರಸಾರ ಎನ್ನುವುದಕ್ಕೆ ಅವರು ಏನೆನ್ನುತ್ತಿದ್ದರೋ! ಹಿರೇಬೆಣಕಲ್ಲು 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ನೆಲಕ್ಕೆ ಏನಾಯಿತು?

ಇನ್ನು ಮುಖ್ಯ ವಿಷಯಕ್ಕೆ ಬರೋಣ. ‘ಹಿಂದಿನವರು ಪ್ರಕೃತಿಯ ಮಡಿಲಲ್ಲಿ ಪ್ರಕೃತಿಗೆ ಒಂದಿಷ್ಟೂ ನೋವು ಮಾಡದೆ ಬದುಕಿದ್ದರು’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬೂದಿದಿಬ್ಬಗಳು ಆ ಮಾತನ್ನು ಪೂರ್ತಿ ಒಪ್ಪುವುದಿಲ್ಲ.

ಒಂದು ಹಟ್ಟಿಯಲ್ಲಿ ನೂರಾರು ದನ ಎಂದರೆ ಹರದಾರಿಗಟ್ಟಲೆ ಮೇವಿನ ನೆಲ ಬೇಕು. ದನ ಮೊದಲು ಮೃದುವಾದ ಹುಲ್ಲು, ಎಳೆಯ ಸಸಿ ತಿನ್ನುತ್ತದೆ. ಮುಳ್ಳಿನ ಗಿಡ ಬಿಡುತ್ತದೆ. ಹೀಗೆ ನೂರು ತಲೆಮಾರು ಮೇಯಿಸಿದರೆ ಕಾಡಿನ ಬಗೆಯೇ ಬದಲಾಗುತ್ತದೆ. ಬೇಲಿಗೆ ಮರ, ಗುಡಿಸಲಿಗೆ ಮರ, ಒಲೆಗೆ ಮರ. ಕೊಡಲಿ ಕಾರ್ಖಾನೆ ನಡೆಯಿತೆಂದರೆ ಆ ಕೊಡಲಿಗಳು ಸುಮ್ಮನೆ ಕೂತಿರಲಿಲ್ಲ. ಇಂದಿನ ಬಯಲುಸೀಮೆಯ ಬೋಳು ರೂಪಕ್ಕೆ ಮಳೆಯ ಕೊರತೆ ಒಂದು ಕಾರಣವಾದರೆ, ಐದು ಸಾವಿರ ವರ್ಷಗಳ ಮನುಷ್ಯ, ದನ, ಬೆಂಕಿ, ಕೊಡಲಿ ಇನ್ನೊಂದು ಕಾರಣ.

ಆದರೆ ಇದಕ್ಕೆ ಮತ್ತೊಂದು ಮಗ್ಗುಲಿದೆ. ದನ ಬಯಲಲ್ಲಿ ಹರಡಿದ ಹುಲ್ಲನ್ನು ಮೇಯ್ದು ಹಟ್ಟಿಗೆ ತಂದು ಸಗಣಿ ಹಾಕುತ್ತದೆ. ಬಯಲಿನ ಸಾರವೆಲ್ಲ ಒಂದು ಕಡೆ ಸೇರುತ್ತದೆ. ಆಫ್ರಿಕದ ಕೀನ್ಯಾದಲ್ಲಿ ಪ್ರಾಚೀನ ದನಗಾಹಿಗಳು ಬಿಟ್ಟುಹೋದ ಹಟ್ಟಿಗಳ ಬಗ್ಗೆ 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಎರಡು ಮೂರು ಸಾವಿರ ವರ್ಷ ಕಳೆದರೂ ಆ ಜಾಗದ ಮಣ್ಣು ಸುತ್ತಲಿಗಿಂತ ಫಲವತ್ತಾಗಿದೆ, ಅಲ್ಲಿಯ ಹುಲ್ಲಿಗೆ ಕಾಡುಪ್ರಾಣಿಗಳು ಇಂದೂ ಬರುತ್ತವೆ ಎಂದು ತೋರಿಸಿದೆ. ಇದು ನಮ್ಮ ರೈತರಿಗೆ ಹೊಸ ಸುದ್ದಿಯಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ಹಿಂಡು ಕೂಡಿಸಿ, ಅದಕ್ಕಾಗಿ ಕುರಿಗಾರರಿಗೆ ಕಾಳು ಅಥವಾ ದುಡ್ಡು ಕೊಡುವ ರೂಢಿ ಉತ್ತರ ಕರ್ನಾಟಕದಲ್ಲಿ ಇಂದಿಗೂ ಇದೆ. ನಮ್ಮ ದಿಬ್ಬಗಳ ಬೂದಿಯನ್ನೂ ಊರ ಜನ ಗಾಡಿಗಟ್ಟಲೆ ಹೊಲಕ್ಕೆ ಹೊಡೆದಿದ್ದಾರೆ. ಯಾರೋ ಸುಟ್ಟದ್ದು ನಾಲ್ಕು ಸಾವಿರ ವರ್ಷದ ಮೇಲೆ ಯಾರದೋ ಹೊಲಕ್ಕೆ ಗೊಬ್ಬರವಾಯಿತು.

ಕಾಲ ಕಳೆದಂತೆ ಈ ಜನರ ಬದುಕೂ ಬದಲಾಯಿತು. ಕ್ರಿ.ಪೂ. ಎರಡನೆಯ ಸಹಸ್ರಮಾನದ ನಡುಭಾಗದ ಹೊತ್ತಿಗೆ ಬೂದಿದಿಬ್ಬ ಪೇರಿಸುವುದು ಬಹುಮಟ್ಟಿಗೆ ನಿಂತಿತು. ಗುಡ್ಡಗಳ ಮೇಲೆ, ನದಿಗಳ ದಡದಲ್ಲಿ ಕಾಯಂ ಊರುಗಳು ಗಟ್ಟಿಯಾದವು. ಬೇಸಾಯ ಹೆಚ್ಚಿತು. ಬೇಸಾಯ ಹೆಚ್ಚಿದ ಮೇಲೆ ಸಗಣಿ ಸುಡುವ ವಸ್ತುವಾಗಿ ಉಳಿಯದೆ ಹೊಲಕ್ಕೆ ಹೋಗುವ ವಸ್ತುವಾಯಿತೆಂದು ಊಹಿಸುವುದು ಕಷ್ಟವಲ್ಲ.

ಎಲ್ಲ ಕಡೆಯೂ ಕಥೆ ಸುಖಾಂತವಾಗಲಿಲ್ಲ. ಇನಾಮ್‌ಗಾಂವ್‌ನ ಜನ ನದಿಯ ನೀರು ತಿರುಗಿಸಲು ಕಾಲುವೆ, ಒಡ್ಡು ಕಟ್ಟಿದ್ದರು, ಜವೆ ಬೆಳೆದಿದ್ದರು, ಚೌಕದ ದೊಡ್ಡ ಮನೆಗಳಲ್ಲಿದ್ದರು. ಕ್ರಿ.ಪೂ. 1000ದ ನಂತರ ಅಲ್ಲಿ ಸಣ್ಣ ದುಂಡು ಗುಡಿಸಲುಗಳು ಕಾಣಿಸಿದವು, ಬೇಸಾಯ ಕುಗ್ಗಿತು, ಕೊನೆಗೆ ಊರೇ ಪಾಳುಬಿತ್ತು. ಮಳೆ ಕಡಿಮೆಯಾದದ್ದೇ ಕಾರಣವೆಂದು ಅಗೆದವರು ಅಭಿಪ್ರಾಯಪಟ್ಟರು. ನೆಲ, ನೀರಿನ ಲೆಕ್ಕ ತಪ್ಪಿದಾಗ ಊರು ಬಿಡುವುದು ಅಂದೂ ಇತ್ತು.

ಉಳಿದಿರುವುದೆಷ್ಟು?

ಚಿತ್ರದುರ್ಗದ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸನಾಯಕರಲ್ಲಿ ‘ದೇವರ ಎತ್ತು’ಗಳ ಹಿಂಡು ಸಾಕುವ ಸಂಪ್ರದಾಯ ಇಂದಿಗೂ ಇದೆ. ಆ ಎತ್ತುಗಳನ್ನು ದುಡಿಸುವುದಿಲ್ಲ, ಮಾರುವುದಿಲ್ಲ. ಕಾಡುಗೊಲ್ಲರಿಗೆ ಜುಂಜಪ್ಪನೆಂಬ ದನಗಾಹಿಯೇ ದೇವರು. ಕನ್ನಡ ನಾಡಿನ ಎಷ್ಟೋ ವೀರಗಲ್ಲುಗಳು ನಿಂತಿರುವುದು ತುರುಗಳನ್ನು ಬಿಡಿಸಲು ಹೋಗಿ ಮಡಿದವರಿಗಾಗಿ. ‘ಹಟ್ಟಿ’ ಎಂಬ ನಮ್ಮ ಒಂದೇ ಮಾತಿಗೆ ದನದ ದೊಡ್ಡಿ ಎಂಬ ಅರ್ಥವೂ ಇದೆ, ಜನರ ಊರು ಎಂಬ ಅರ್ಥವೂ ಇದೆ. ಬೂದಿಹಾಳವನ್ನು ನೋಡಿದ ಮೇಲೆ ಈ ಎರಡು ಅರ್ಥ ಏಕೆ ಒಟ್ಟಿಗಿವೆ ಎಂದು ಯಾರೂ ವಿವರಿಸಬೇಕಾಗಿಲ್ಲ.

ಮಾತು ಉಳಿದಿದೆ, ರೂಢಿ ಉಳಿದಿದೆ. ದಿಬ್ಬಗಳು ಮಾತ್ರ ಕರಗುತ್ತಿವೆ. ರಸ್ತೆಗೆ, ಹೊಲಕ್ಕೆ, ಹೊಸ ಬಡಾವಣೆಗೆ ಎಂದು ಎಷ್ಟೋ ದಿಬ್ಬಗಳು ಅರ್ಧವಾದವು, ಕೆಲವು ಇಲ್ಲವೇ ಆದವು. ಹಿರೇಗುಡ್ಡದ ಒಂದು ಭಾಗವನ್ನು ಕಲ್ಲುಗಣಿ ತಿಂದುಹಾಕಿದೆ. ಚಿತ್ರವಿರುವ ಕಲ್ಲು, ಹಾಡುವ ಕಲ್ಲು ಒಮ್ಮೆ ಜಲ್ಲಿಯಾದರೆ ಮತ್ತೆ ಕಲ್ಲಾಗುವುದಿಲ್ಲ. ಸಮಾಧಾನದ ಮಾತೆಂದರೆ ಬಳ್ಳಾರಿಯಲ್ಲಿ ಈಗ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಪ್ರಾಗೈತಿಹಾಸಿಕ ವಸ್ತುಸಂಗ್ರಹಾಲಯವಿದೆ. ಸಂಗನಕಲ್ಲಿನ ಕೊಡಲಿ, ಮಡಕೆಗಳನ್ನು ಅಲ್ಲಿ ನೋಡಬಹುದು.

ಊರಿಗೆ ಹೋಗುವಾಗ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗುವವರು ಬಹಳ ಜನ. ಇನ್ನೊಂದು ದಿನ ಹೆಚ್ಚಿಗೆ ಇಟ್ಟುಕೊಂಡು ಈ ವಸ್ತುಸಂಗ್ರಹಾಲಯ, ಸಂಗನಕಲ್ಲು, ಕುಡತಿನಿ ತೋರಿಸಿ. ಹಂಪಿಯ ಅರಸರಿಗಿಂತ ಮೂರು ಸಾವಿರ ವರ್ಷ ಹಿಂದಿನವರ ಮನೆ ಅದು. ಹೋದವರು ಬೂದಿಯ ಹೆಂಟೆ, ಮಡಕೆ ಚೂರು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳಬೇಡಿ. ಅವು ಅಲ್ಲಿದ್ದರಷ್ಟೇ ಮಾತಾಡುತ್ತವೆ.

ಕೊನೆಗೆ ಒಂದು ಲೆಕ್ಕ. ಮುಂಬೈಯ ದೇವನಾರ್‌ನಲ್ಲಿ, ದೆಹಲಿಯ ಘಾಜಿಪುರದಲ್ಲಿ ನಾವೂ ಗುಡ್ಡ ಪೇರಿಸಿದ್ದೇವೆ. ಅವೂ ಆಗಾಗ ಹೊತ್ತಿ ಉರಿಯುತ್ತವೆ. ದನಗಾಹಿಗಳ ಗುಡ್ಡದಿಂದ ನಾಲ್ಕು ಸಾವಿರ ವರ್ಷದ ಮೇಲೂ ಒಬ್ಬ ರೈತನ ಹೊಲಕ್ಕೆ ಗೊಬ್ಬರ ಸಿಕ್ಕಿತು. ನಮ್ಮ ಗುಡ್ಡಗಳಿಂದ ಮುಂದಿನವರಿಗೆ ಏನು ಸಿಗುತ್ತದೆಂಬುದು, ಇವತ್ತು ನಮ್ಮ ಮನೆಯ ಕಸದ ಬುಟ್ಟಿಗೆ ಏನು ಬೀಳುತ್ತದೆ ಎಂಬುದರ ಮೇಲಿದೆ.